ಶಾಲಾಸಮೂಹದ ಆಡಳಿತ ಮತ್ತು ಆಜೀವ ಸದಸ್ಯತ್ವ



ವಿದ್ಯೆಯ ಸಂಬಂಧವಾದ ಚಿಂತನೆಯು ತಮ್ಮ ಆಯುಷ್ಯದೊಡನೆಯೇ ಮುಗಿದುಹೋಗದೆ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನರ ನಡುವೆ ನಡೆಯುತ್ತಿರಲೆಂದು ಬಯಸಿ ದಾನಿಯೊಬ್ಬರು ಇಟ್ಟುಹೋದ ನಿಧಿಯ ಹೆಸರಿನಲ್ಲಿ ನಾವಿಂದು ಇಲ್ಲಿ ನೆರೆದಿದ್ದೇವೆ. ನಿಧಿಯನ್ನಿಟ್ಟವರು ಈಗಿಲ್ಲ, ಅದನ್ನು ಮೊದಲು ಸ್ವೀಕರಿಸಿದವರೂ ಈಗ ಅಧಿಕಾರದಲ್ಲಿಲ್ಲ, ಆದರೂ ಬಡ್ಡಿಯ ಲೆಕ್ಕ ತಪ್ಪದೆ, ಉದ್ದೇಶ ಪಲ್ಲಟವಾಗದೆ ಈ ಕಾರ್ಯ ನಡೆದುಬಂದಿದೆಯೆಂದರೆ, ವ್ಯಕ್ತಿಗಳಿಗಿಂತ ದೀರ್ಘಾಯುವಾದ ಸಂಸ್ಥೆಯೊಂದು ಅದನ್ನು ಕಾಪಾಡಿದೆಯೆಂದೇ ಅರ್ಥ. ಅಂತಹ ಸಂಸ್ಥೆಯು ಒಂದು ಶಾಲೆಯಾಗಿ ಹುಟ್ಟಿ, ಹಲವು ಊರುಗಳ ಹಲವು ಶಾಲೆಗಳಾಗಿ ಬೆಳೆದು, ಆದಾಗ್ಯೂ ಒಂದೇ ಆಡಳಿತಕ್ಕೆ ಒಳಪಟ್ಟು ನಡೆಯಬೇಕಾದಾಗ ಆ ಆಡಳಿತವು ಯಾರ ಕೈಯಲ್ಲಿರತಕ್ಕದ್ದು ಎಂಬ ಪ್ರಶ್ನೆಯನ್ನು ಈ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಪಾಠ ಹೇಳುವವನ ಕೈಯಲ್ಲಿ ಆಡಳಿತದ ಗಣನೀಯವಾದ ಪಾಲು ಇದ್ದಷ್ಟು ಕಾಲ ಶಾಲಾಸಮೂಹವು ಶಾಲೆಗಳ ಸಮೂಹವಾಗಿ ಉಳಿಯುತ್ತದೆ. ಆ ಪಾಲು ಕ್ಷೀಣಿಸಿದಂತೆಲ್ಲ ಅದು ಕಟ್ಟಡಗಳ ಮತ್ತು ಠೇವಣಿಗಳ ಸಮೂಹವಾಗುತ್ತ ಹೋಗುತ್ತದೆ. ಈ ಮಾತಿಗೆ ಆಧಾರವನ್ನು ನಾನು ತತ್ತ್ವಶಾಸ್ತ್ರದಲ್ಲಿ ಹುಡುಕುವುದಿಲ್ಲ. ಪುಣೆಯಲ್ಲಿ ಮತ್ತು ಬೆಳಗಾವಿಯಲ್ಲಿ ನಡೆದುಹೋದ ಚರಿತ್ರೆಯೇ ಸಾಕಷ್ಟಿದೆ.

ಒಂದೇ ಶಾಲೆ ಇರುವವರೆಗೆ ಆಡಳಿತವೆಂಬುದು ಪ್ರಶ್ನೆಯಾಗಿಯೇ ಏಳುವುದಿಲ್ಲ. ಸ್ಥಾಪಕನೇ ಮುಖ್ಯೋಪಾಧ್ಯಾಯ, ಅವನೇ ಕಾರ್ಯದರ್ಶಿ, ಹಣ ಸಾಲದಾದಾಗ ಜೋಳಿಗೆ ಹಿಡಿದು ಹೊರಡುವವನೂ ಅವನೇ. ಯಾವ ಹುಡುಗನ ತಂದೆ ಫೀ ಕೊಡಲಾರನೆಂಬುದು ಅವನಿಗೆ ಕಡತ ನೋಡದೆ ಗೊತ್ತು. ಎರಡನೆಯ ಊರಿನಲ್ಲಿ ಎರಡನೆಯ ಶಾಲೆ ಹುಟ್ಟಿದೊಡನೆ ಈ ಸೌಲಭ್ಯ ಮುಗಿಯುತ್ತದೆ. ಮೊದಲನೆಯ ಶಾಲೆಯ ಉಳಿತಾಯವನ್ನು ಎರಡನೆಯದಕ್ಕೆ ಕೊಡಬಹುದೆ, ಕೊಡುವುದಾದರೆ ಯಾರ ಅಪ್ಪಣೆಯಿಂದ. ಇಲ್ಲಿಯ ಒಳ್ಳೆಯ ಗಣಿತದ ಮೇಷ್ಟರನ್ನು ಅಲ್ಲಿಗೆ ಕಳುಹಿಸಬಹುದೆ, ಅವರು ಹೋಗಲೊಲ್ಲೆನೆಂದರೆ ಏನು ಮಾಡಬೇಕು. ಸ್ಥಾಪಕನು ಕಾಲವಾದ ಮೇಲೆ ಅವನ ಮಕ್ಕಳಿಗೆ ಹಕ್ಕುಂಟೆ, ಹಣ ಕೊಟ್ಟವರಿಗೆ ಹಕ್ಕುಂಟೆ, ದುಡಿದವರಿಗೆ ಹಕ್ಕುಂಟೆ: ಇವೆಲ್ಲ ಒಮ್ಮೆಗೇ ಎದುರು ಬಂದು ನಿಲ್ಲುತ್ತವೆ. ಪಶ್ಚಿಮ ಭಾರತದಲ್ಲಿ ಈ ಪ್ರಶ್ನೆಗಳಿಗೆ ಬರವಣಿಗೆಯ ರೂಪದ ಉತ್ತರವನ್ನು ಮೊದಮೊದಲಿಗೆ ಕೊಡಲು ಯತ್ನಿಸಿದವರು ಪುಣೆಯ ಕೆಲವು ತರುಣ ಅಧ್ಯಾಪಕರು.

1854ರ ವುಡ್ ಅವರ ಶಿಕ್ಷಣ ಸಂದೇಶವು ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನದ ಬಾಗಿಲನ್ನು ತೆರೆದಿದ್ದರೂ, ಆ ಬಾಗಿಲೊಳಗೆ ಮೊದಲು ಪ್ರವೇಶಿಸಿದವರು ಬಹುಮಟ್ಟಿಗೆ ಮಿಶನರಿಗಳು. ದೇಶೀಯರು ತಮ್ಮ ಸ್ವಂತ ಬಲದಿಂದ ನಡೆಸುವ ಇಂಗ್ಲಿಷ್ ಶಾಲೆಯೊಂದು ಬೇಕೆಂಬ ಹಂಬಲದಿಂದ, ಸರ್ಕಾರಿ ಉದ್ಯೋಗವನ್ನು ತೊರೆದ ವಿಷ್ಣುಶಾಸ್ತ್ರಿ ಚಿಪಳೂಣಕರರನ್ನು ಮುಂದಿಟ್ಟುಕೊಂಡು, ಆಗತಾನೆ ಕಾಲೇಜಿನಿಂದ ಹೊರಬಿದ್ದಿದ್ದ ಬಾಲ ಗಂಗಾಧರ ತಿಲಕರು 1880ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಗೋಪಾಳ ಗಣೇಶ ಆಗರಕರ, ಮಹಾದೇವ ನಾಮಜೋಶಿ, ಸಂಸ್ಕೃತ ಕೋಶಕಾರರೆಂದು ನಾವೆಲ್ಲ ಇಂದಿಗೂ ನೆನೆಯುವ ವಾಮನ ಶಿವರಾಮ ಆಪಟೆ, ಇವರು ಬಂದು ಕೂಡಿಕೊಂಡರು. 1882ರಲ್ಲಿ ಚಿಪಳೂಣಕರರು ಅಕಾಲದಲ್ಲಿ ಮರಣ ಹೊಂದಿದಾಗ, ಒಬ್ಬನ ಹೆಸರಿನ ಮೇಲೆ ನಿಂತ ಶಾಲೆ ಒಬ್ಬನ ಸಾವಿನಿಂದ ಅಲುಗಬಾರದೆಂಬ ಪಾಠ ಉಳಿದವರ ಮನಸ್ಸಿಗೆ ನಾಟಿರಬೇಕು. 1884ರ ಅಕ್ಟೋಬರ್ 24ರಂದು ಡೆಕ್ಕನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಯಿತು. ಮರುವರ್ಷದ ಆರಂಭದಲ್ಲಿಯೇ ಮುಂಬಯಿ ಪ್ರಾಂತದ ರಾಜ್ಯಪಾಲರಾದ ಸರ್ ಜೇಮ್ಸ್ ಫರ್ಗ್ಯುಸನ್ನರ ಹೆಸರಿನ ಕಾಲೇಜು ಪಾಠ ತೊಡಗಿತು. ಹೀಗೆ ಐದೇ ವರ್ಷಗಳಲ್ಲಿ ಒಂದು ಶಾಲೆಯು ಎರಡು ವಿದ್ಯಾಲಯಗಳ ಒಂದು ಸಂಸ್ಥೆಯಾಗಿ ರೂಪಾಂತರ ಹೊಂದಿತು.

ಆ ಸಂಸ್ಥೆಯ ನಿಯಮಾವಳಿಯಲ್ಲಿ ಎರಡು ವರ್ಗದ ಜನರಿಗೆ ಸ್ಥಾನವಿತ್ತು. ಹಣ ಕೊಟ್ಟ ಪೋಷಕರು ಮತ್ತು ಸದಸ್ಯರು ಒಂದು ವರ್ಗ. ಆಯುಷ್ಯವನ್ನು ಕೊಟ್ಟ ಆಜೀವ ಸದಸ್ಯರು ಇನ್ನೊಂದು. ಆಜೀವ ಸದಸ್ಯನಾಗುವವನು ಇಪ್ಪತ್ತು ವರ್ಷಗಳ ಸೇವೆಯ ಕರಾರಿಗೆ ಒಳಪಡತಕ್ಕದ್ದು. ಅವನಿಗೆ ಸಿಗುತ್ತಿದ್ದ ವೇತನವು ಕಾಲಕ್ರಮದಲ್ಲಿ ತಿಂಗಳಿಗೆ 75 ರೂಪಾಯಿಗೆ ನಿಂತಿತು. ಅದೇ ಯೋಗ್ಯತೆಯವನು ಸರ್ಕಾರಿ ಶಿಕ್ಷಣ ಖಾತೆಯಲ್ಲಿಯೋ ನ್ಯಾಯಾಲಯದಲ್ಲಿಯೋ ಇದರ ಹಲವು ಪಟ್ಟು ಗಳಿಸಬಹುದಾಗಿದ್ದ ಕಾಲವದು. ಕಾಲೇಜಿನ ಪ್ರಾಚಾರ್ಯನಿಗೂ, ಶಾಲೆಯ ಕೆಳಗಿನ ತರಗತಿಗೆ ಪಾಠ ಹೇಳುವ ಆಜೀವ ಸದಸ್ಯನಿಗೂ ಸಂಸ್ಥೆಯಲ್ಲಿದ್ದ ಹಕ್ಕು ಒಂದೇ. ದಿನನಿತ್ಯದ ಆಡಳಿತ, ನೇಮಕ, ಪಾಠಕ್ರಮ, ಯಾರು ಶಾಲೆಯಲ್ಲಿರಬೇಕು ಯಾರು ಕಾಲೇಜಿನಲ್ಲಿರಬೇಕು ಎಂಬ ಹಂಚಿಕೆ, ಇವೆಲ್ಲವನ್ನೂ ಆಜೀವ ಸದಸ್ಯರ ಮಂಡಳಿಯೇ ನಿರ್ಣಯಿಸುತ್ತಿತ್ತು. ಅದರ ಮೇಲೆ ದಾನಿಗಳ ಪ್ರತಿನಿಧಿಗಳೂ ಆಜೀವ ಸದಸ್ಯರೂ ಕೂಡಿದ ದೊಡ್ಡ ಸಭೆಯೊಂದು ಹಣಕಾಸನ್ನು ನೋಡಿಕೊಳ್ಳುತ್ತಿತ್ತು. ಹಣ ಕೊಟ್ಟವರಿಗೆ ಕಾವಲಿನ ಅಧಿಕಾರ, ದುಡಿದವರಿಗೆ ನಡೆಸುವ ಅಧಿಕಾರ: ಈ ವಿಭಜನೆಯಲ್ಲಿ ಎಷ್ಟು ವಿವೇಕವಿದೆಯೆಂಬುದು, ಇದಿಲ್ಲದ ಸಂಸ್ಥೆಗಳನ್ನು ಹತ್ತಿರದಿಂದ ಕಂಡವರಿಗೆ ಹೇಳಬೇಕಾಗಿಲ್ಲ.

ಇಂತಹ ಸಂಸ್ಥೆಯಲ್ಲಿ ಕಲಹ ಹುಟ್ಟಲಿಲ್ಲವೆ? ಹುಟ್ಟಿತು, ಆರೇ ವರ್ಷಗಳಲ್ಲಿ ಅದರ ಅತ್ಯಂತ ತೇಜಸ್ವಿಯಾದ ಸದಸ್ಯನನ್ನು ಹೊರಗೆ ಕಳುಹಿಸುವಷ್ಟು ಪ್ರಬಲವಾಗಿ ಹುಟ್ಟಿತು. ಈ ಕಲಹವನ್ನು ತಿಲಕ–ಆಗರಕರರ ಸಾಮಾಜಿಕ ಮತಭೇದದ ಒಂದು ಅಧ್ಯಾಯವೆಂದು ಹೇಳಿ ಮುಗಿಸುವುದು ವಾಡಿಕೆ. ಬಾಲ್ಯವಿವಾಹ, ಸ್ತ್ರೀಶಿಕ್ಷಣ ಮೊದಲಾದವುಗಳಲ್ಲಿ ಇಬ್ಬರಿಗೂ ಒಮ್ಮತವಿರಲಿಲ್ಲವೆಂಬುದೂ, 1887ರಲ್ಲಿ ಆಗರಕರರು ‘ಕೇಸರಿ’ ಪತ್ರಿಕೆಯ ಸಂಪಾದಕತ್ವವನ್ನು ಬಿಟ್ಟು ಮರುವರ್ಷ ‘ಸುಧಾರಕ’ವನ್ನು ಪ್ರಾರಂಭಿಸಿದರೆಂಬುದೂ ನಿಜ. ಆದರೆ ಸಂಸ್ಥೆಯ ಒಳಗೆ ನಡೆದ ವಾದವು ಬೇರೆಯೇ ಆದದ್ದು, ಮತ್ತು ಶಾಲೆ ನಡೆಸುವವರೆಲ್ಲರೂ ಇಂದಿಗೂ ಮನಸ್ಸಿಟ್ಟು ಓದತಕ್ಕದ್ದು. ಆಜೀವ ಸದಸ್ಯನು ತನ್ನ ವೇಳೆಯನ್ನೆಲ್ಲ ಸಂಸ್ಥೆಗೆ ಕೊಡಬೇಕೆ, ಅಥವಾ ಗೊತ್ತಾದ ಪಾಠಗಳನ್ನು ಹೇಳಿ ಮುಗಿಸಿದ ಮೇಲೆ ಉಳಿದ ವೇಳೆ ಅವನ ಸ್ವಂತದ್ದೆ? ಪಠ್ಯಪುಸ್ತಕ ಬರೆದು ಹಣ ಗಳಿಸಿದರೆ ಆ ಹಣ ಯಾರದು? ಸಂಸಾರ ಬೆಳೆದ ಸದಸ್ಯನು ವೇತನವನ್ನು ಸ್ವಲ್ಪ ಹೆಚ್ಚಿಸಿರೆಂದು ಕೇಳಿದರೆ ಅದು ವ್ರತಭಂಗವೆ?

ತಿಲಕರ ಉತ್ತರ ಕಠೋರವಾಗಿತ್ತು. ಜೆಸುಯಿಟ್ ಪಾದ್ರಿಗಳ ಸಂಘದಲ್ಲಿದ್ದಂತಹ ಸ್ವಾರ್ಥತ್ಯಾಗವೂ ಸಮಾನ ಬಡತನವೂ ಈ ಸಂಸ್ಥೆಯ ಮೂಲತತ್ತ್ವವೆಂದೂ, ಒಬ್ಬೊಬ್ಬನ ಹೊರಗಿನ ಗಳಿಕೆಗೆ ಅವಕಾಶ ಕೊಟ್ಟರೆ ಸಮಾನತೆ ಹೋಗಿ ಅಸೂಯೆ ಬರುವುದೆಂದೂ, ಅಸೂಯೆ ಬಂದ ಮೇಲೆ ಒಗ್ಗಟ್ಟಿನ ಮಾತು ಬರಿಯ ಮಾತಾಗಿ ಉಳಿಯುವುದೆಂದೂ ಅವರು ವಾದಿಸಿದರು. ಆಗರಕರರಿಗಾದರೋ ಬಡತನ ಹೊಸದಾಗಿರಲಿಲ್ಲ. ತಾನು ದೊಡ್ಡ ಸಂಬಳದ ಆಸೆಯನ್ನು ಬಿಟ್ಟಿದ್ದೇನೆಂದು ತಾಯಿಗೆ ಪತ್ರ ಬರೆದು ಈ ಕಾರ್ಯಕ್ಕೆ ಬಂದವರು ಅವರು. ಅಂತಹವರೇ, ಸದಸ್ಯನ ಸಂಸಾರವು ಉಪವಾಸವಿದ್ದರೆ ಅವನ ಪಾಠವೂ ಉಪವಾಸ ಬೀಳುವುದೆಂಬ ಪಕ್ಷವನ್ನು ಹಿಡಿದರು. ಸಂಸ್ಥೆಯ ಮತ್ತೊಬ್ಬ ಆಜೀವ ಸದಸ್ಯರಾದ ಗೋಪಾಲಕೃಷ್ಣ ಗೋಖಲೆಯವರು ಇವರಿಬ್ಬರಿಗಿಂತ ಹತ್ತು ವರ್ಷ ಕಿರಿಯರು. ಶಾಲೆಯ ಹುಡುಗರಿಗಾಗಿ ಅವರು ಬರೆದ ಅಂಕಗಣಿತದ ಪುಸ್ತಕ ಬಹು ಬೇಗನೆ ಜನಪ್ರಿಯವಾಗಿ, ವಿವಾದದ ಒಂದು ವಸ್ತುವೇ ತರಗತಿಯ ಮೇಜಿನ ಮೇಲೆ ಕಾಣುವಂತಾಯಿತು. 1890ರಲ್ಲಿ ಗೋಖಲೆಯವರು ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಘದ ಕಾರ್ಯದರ್ಶಿತ್ವವನ್ನು ಒಪ್ಪಿಕೊಂಡಾಗ, ಆಜೀವ ಸದಸ್ಯನ ವೇಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ತಿಲಕರು ಬಹುಮತದಲ್ಲಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ, ತಮ್ಮ ವಾದವನ್ನೆಲ್ಲ ಸುದೀರ್ಘವಾಗಿ ಬರೆದಿಟ್ಟು, ತಾವೇ ಕಟ್ಟಿದ ಸಂಸ್ಥೆಯಿಂದ ಅವರು ಹೊರಬಿದ್ದರು.

ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನನ್ನಿಂದಾಗದು. ಎರಡೂ ಪಕ್ಷಗಳನ್ನು ಓದಿದಾಗ ಎರಡೂ ಕಡೆ ಮನಸ್ಸು ಹೋಗುತ್ತದೆ. ನನ್ನ ಗಮನವನ್ನು ಸೆಳೆಯುವ ಸಂಗತಿ ಬೇರೊಂದಿದೆ. ತಿಲಕರಂತಹವರು ಹೊರಟುಹೋದರೂ ಸಂಸ್ಥೆ ಮುರಿಯಲಿಲ್ಲ. ಶಾಲೆಯನ್ನಾಗಲಿ ಕಾಲೇಜನ್ನಾಗಲಿ ಭಾಗ ಮಾಡಿ ಕೊಡಿರೆಂದು ಯಾರೂ ಕೇಳಲಿಲ್ಲ. ಏಕೆಂದರೆ ಅವುಗಳಲ್ಲಿ ಯಾರಿಗೂ ಪಾಲಿರಲಿಲ್ಲ. ವಾದ ನಡೆದದ್ದು ನಡಾವಳಿಯ ಪುಸ್ತಕದಲ್ಲಿ, ಠರಾವು ಮತ್ತು ಮತಗಳ ಮೂಲಕ, ಸಮಾನ ಹಕ್ಕಿನ ಅಧ್ಯಾಪಕರ ನಡುವೆ. ಮರುದಿನ ಬೆಳಗ್ಗೆ ಗಂಟೆ ಬಾರಿಸಿತು, ತರಗತಿಗಳು ತುಂಬಿದವು. ಗಣಿತದ ಅಧ್ಯಾಪಕರ ಸ್ಥಾನ ತೆರವಾದದ್ದರಿಂದ ಮುಂಬಯಿಯಲ್ಲಿ ಪಾಠ ಹೇಳುತ್ತಿದ್ದ ಧೋಂಡೋ ಕೇಶವ ಕರ್ವೆಯವರಿಗೆ 1891ರಲ್ಲಿ ಕರೆ ಹೋಯಿತು, ಅವರು ಬಂದರು. ಆಪಟೆಯವರು 1892ರಲ್ಲಿ ತೀರಿಕೊಂಡಾಗ ಆಗರಕರರು ಪ್ರಾಚಾರ್ಯರಾದರು. ಮೂರೇ ವರ್ಷಗಳಲ್ಲಿ, ನಲವತ್ತು ತುಂಬುವ ಮೊದಲೇ, ಅವರೂ ಕಣ್ಮುಚ್ಚಿದರು. ಹದಿನೈದು ವರ್ಷಗಳೊಳಗೆ ಮೂವರು ಮುಖ್ಯಸ್ಥಾಪಕರನ್ನು ಮೃತ್ಯುವಿಗೂ ಒಬ್ಬನನ್ನು ಮತಭೇದಕ್ಕೂ ತೆತ್ತ ಸಂಸ್ಥೆಯು ಬದುಕಿತಷ್ಟೇ ಅಲ್ಲ, ಬೆಳೆಯಿತು. ಗೋಖಲೆಯವರು ರಜೆಯ ದಿನಗಳಲ್ಲಿ ಊರೂರು ತಿರುಗಿ ಕಾಲೇಜಿನ ಕಟ್ಟಡಕ್ಕೆ ಹಣ ಕೂಡಿಸಿದರು. ರಾಜಕಾರಣದ ಕರೆ ಎಷ್ಟೇ ಬಲವಾಗಿದ್ದರೂ ತಮ್ಮ ಕರಾರಿನ ಅವಧಿ ಬಹುಮಟ್ಟಿಗೆ ತುಂಬುವವರೆಗೆ ಕಾಲೇಜನ್ನು ಬಿಡದೆ, 1902ರಲ್ಲಿ ಅಲ್ಪವಾದ ವಿಶ್ರಾಂತಿವೇತನದೊಂದಿಗೆ ನಿವೃತ್ತರಾದರು.

ಆ ವರ್ಷವೇ ಪ್ರಾಚಾರ್ಯಪದಕ್ಕೆ ಬಂದವರು ರಘುನಾಥ ಪುರುಷೋತ್ತಮ ಪರಾಂಜಪೆ. ಕೇಂಬ್ರಿಜ್‌ನಲ್ಲಿ 1899ರ ಸೀನಿಯರ್ ರ‍್ಯಾಂಗ್ಲರ್ ಆಗಿ, ಭಾರತೀಯನೊಬ್ಬನು ಆ ಸ್ಥಾನ ಪಡೆದನೆಂದು ದೇಶವೆಲ್ಲ ಹಬ್ಬ ಮಾಡುವಂತೆ ಮಾಡಿದ ಈ ತರುಣನಿಗೆ ತೆರೆಯದ ಬಾಗಿಲು ಆಗ ಹಿಂದುಸ್ಥಾನದಲ್ಲಿರಲಿಲ್ಲ. ವಿಲಾಯತಿಗೆ ಹೋಗುವ ಮುನ್ನ ಫರ್ಗ್ಯುಸನ್ ಕಾಲೇಜಿಗೆ ಆಜೀವ ಸದಸ್ಯನಾಗಿ ಬರುವೆನೆಂದು ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು; ಉಳಿದ ಸದಸ್ಯರಿಗಿದ್ದ 75 ರೂಪಾಯಿಯೇ ಅವರಿಗೂ. ಇಂತಹ ಒಬ್ಬನು ಮುಖ್ಯಸ್ಥನಾಗಿರುವ ಸಂಸ್ಥೆಯಲ್ಲಿ ಮತ್ತೊಬ್ಬ ಅಧ್ಯಾಪಕನನ್ನು ಸಾತಾರೆಗೆ ವರ್ಗಾಯಿಸಿದರೆ, ಅವನು ‘ನನಗೇಕೆ’ ಎಂದು ಕೇಳುವುದು ಕಷ್ಟ. ಶಾಲಾಸಮೂಹದಲ್ಲಿ ಆಜ್ಞೆಯು ಪಾಲನೆಯಾಗುವುದು ಆಜ್ಞಾಪಿಸುವವನು ತಾನೂ ಅದೇ ನಿಯಮಕ್ಕೆ ಒಳಪಟ್ಟಿದ್ದಾಗ. ಇದನ್ನು ಯಾವ ನಿಯಮಾವಳಿಯೂ ಬರೆದು ಸೃಷ್ಟಿಸಲಾರದು.

ಸಂಸ್ಥೆಯು 1919ರಲ್ಲಿ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜನ್ನು ತೆರೆದಾಗ ಅದರ ನೆರಳು ಕನ್ನಡ ನಾಡಿನ ಗಡಿಯವರೆಗೆ ಬಂದಿತು. ಈ ಸಂಸ್ಥೆಯ ಋಣ ಕನ್ನಡಕ್ಕೆ ಚಿಕ್ಕದಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಪದವಿಯ ವ್ಯಾಸಂಗ ಮಾಡಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ; ವಿನಾಯಕ ಕೃಷ್ಣ ಗೋಕಾಕರು ಅಲ್ಲಿ ಇಂಗ್ಲಿಷಿನ ಅಧ್ಯಾಪಕರಾಗಿದ್ದು ಮುಂದೆ ಸಾಂಗಲಿಯ ಕಾಲೇಜಿಗೆ ಪ್ರಾಚಾರ್ಯರಾಗಿ ಬಂದರು; ರಂ.ಶ್ರೀ. ಮುಗಳಿಯವರು ಅದೇ ಸಾಂಗಲಿಯಲ್ಲಿ ಕುಳಿತು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಚಿಂತಿಸಿದರು. ಪುಣೆಯ ಶಿಕ್ಷಕರು ಕಟ್ಟಿದ ಸಂಸ್ಥೆಯೊಂದು ಸಾಂಗಲಿಯಲ್ಲಿ ಕನ್ನಡ ಪ್ರಾಧ್ಯಾಪಕರಿಗೆ ಪೀಠವನ್ನು ಕೊಟ್ಟಿತೆಂಬುದು, ಗಡಿಯ ವಿಷಯದಲ್ಲಿ ನಾವು ಆಗಾಗ ಕಹಿಯಾಗುವ ದಿನಗಳಲ್ಲಿ ನೆನೆಯಬೇಕಾದ ಸಂಗತಿ. ಕರ್ವೆಯವರಾದರೋ ಸಂಸ್ಥೆಯ ಪದ್ಧತಿಯನ್ನೇ ಹೊರಗೆ ಕೊಂಡೊಯ್ದರು. 1896ರಲ್ಲಿ ಅನಾಥ ಬಾಲಿಕಾಶ್ರಮವನ್ನು ಸ್ಥಾಪಿಸಿ, ಕೆಲವು ವರ್ಷಗಳ ಬಳಿಕ ಮಹಿಳಾ ವಿದ್ಯಾಲಯವನ್ನು ತೆರೆದು, ಈ ಸ್ತ್ರೀಶಿಕ್ಷಣ ಸಂಸ್ಥೆಗಳಿಗೆ ಆಯುಷ್ಯವಿಡೀ ದುಡಿಯುವ ಕಾರ್ಯಕರ್ತರು ಬೇಕೆಂದು 1908ರಲ್ಲಿ ನಿಷ್ಕಾಮ ಕರ್ಮ ಮಠವನ್ನು ಏರ್ಪಡಿಸಿದರು.

ಇನ್ನು ಬೆಳಗಾವಿಗೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತದ ದಕ್ಷಿಣದ ಕನ್ನಡ ಜಿಲ್ಲೆಗಳು ವಿದ್ಯೆಯ ದೃಷ್ಟಿಯಿಂದ ಹೇಗಿದ್ದವೆಂಬುದು ಇಂದಿನ ತರುಣರಿಗೆ ಊಹಿಸಲೂ ಕಷ್ಟ. ಹೈಸ್ಕೂಲುಗಳು ವಿರಳ, ಕಾಲೇಜಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕು, ಧಾರವಾಡದ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಹಳ್ಳಿಯ ಒಕ್ಕಲಿಗನ ಮಗನಿಗೆ ಶಾಲೆ ದೂರ, ಶಾಲೆಯ ಮಾತು ಇನ್ನೂ ದೂರ. ಧನಸಹಾಯದ ಪ್ರಯತ್ನಗಳು ಇರಲಿಲ್ಲವೆಂದಲ್ಲ. ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ದಪ್ಪನವರೂ ಬಡ ವಿದ್ಯಾರ್ಥಿಗಳಿಗೆ ನೆರವಾಗುವ ಕಾರ್ಯವನ್ನು ಧಾರವಾಡದಲ್ಲಿ ಬಹು ಮೊದಲೇ ಕೈಕೊಂಡಿದ್ದರು, ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ವಿಶಾಲವಾದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗೆ ಮುಡಿಪಾಗಿಟ್ಟಿದ್ದರು, ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರ ಪ್ರಯತ್ನದಿಂದ 1910ರಲ್ಲಿ ಜಿಲ್ಲಾ ಸಂಘವೊಂದು ಹುಟ್ಟಿತ್ತು. ಹಣವಿತ್ತು, ಅಪೇಕ್ಷೆಯಿತ್ತು. ತಮ್ಮ ಜೀವಮಾನವನ್ನು ಅದಕ್ಕೆ ಸೇರಿಸುವ ಅಧ್ಯಾಪಕರು ಬೇಕಾಗಿದ್ದರು.

ಅವರು ಬಂದದ್ದು 1916ರಲ್ಲಿ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಎಚ್.ಎಫ್. ಕಟ್ಟೀಮನಿ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ಸರದಾರ ವಿ.ವಿ. ಪಾಟೀಲ ಎಂಬ ಏಳು ಜನರನ್ನು ಉತ್ತರ ಕರ್ನಾಟಕದ ಜನ ಸಪ್ತರ್ಷಿಗಳೆಂದು ಕರೆದುದು ಭಕ್ತಿಯ ಅತಿಶಯವೆಂದು ನನಗೆ ತೋರುವುದಿಲ್ಲ. ಆ ವರ್ಷದ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೊದಲ ಶಾಲೆ ಪ್ರಾರಂಭವಾಯಿತು; ಅದೇ ಮುಂದೆ ಆ ಇಬ್ಬರು ಹಿರಿಯರ ಹೆಸರನ್ನು ಜೋಡಿಸಿಕೊಂಡು ಗಿಲಗಂಚಿ–ಅರಟಾಳ ಹೈಸ್ಕೂಲು ಎಂದು ಪ್ರಸಿದ್ಧವಾಯಿತು. ಪುಣೆಯ ಆಜೀವ ಸದಸ್ಯರ ದೃಷ್ಟಾಂತ ಇವರ ಕಣ್ಣ ಮುಂದಿತ್ತು. ಆದರೆ ಪುಣೆಯಲ್ಲಿ ಪತ್ರಿಕೆಗಳಿದ್ದವು, ವಿದ್ವಾಂಸರ ಸಭೆಗಳಿದ್ದವು, ಓದುವ ಮನೆತನಗಳು ಬೀದಿ ಬೀದಿಗೆ ಇದ್ದವು. ಬೆಳಗಾವಿಯಲ್ಲಿ ಇವರು ಶಾಲೆಯನ್ನೂ ಕಟ್ಟಬೇಕಾಗಿತ್ತು, ಶಾಲೆಗೆ ಮಗುವನ್ನು ಕಳುಹಿಸಬೇಕೆಂಬ ಮನಸ್ಸನ್ನೂ ಕಟ್ಟಬೇಕಾಗಿತ್ತು. ಸಂಸ್ಥೆಯ ಹೆಸರಿನಲ್ಲಿ ಒಂದು ಸಮಾಜದ ಹೆಸರಿದ್ದರೂ ಅದರ ತರಗತಿಗಳ ಬಾಗಿಲು ಎಲ್ಲ ಸಮಾಜದ ಮಕ್ಕಳಿಗೂ ತೆರೆದಿತ್ತೆಂಬುದನ್ನು, ಇಂದು ಹೆಸರು ನೋಡಿ ತೀರ್ಮಾನ ಮಾಡುವವರು ಮರೆಯಬಾರದು.

ಈ ಏಳು ಜನರು ಬರಿಯ ಆಡಳಿತಗಾರರಾಗಿರಲಿಲ್ಲ. ಬಸವನಾಳರು ಬಸವಣ್ಣನವರ ವಚನಗಳ ಶಾಸ್ತ್ರಶುದ್ಧ ಸಂಪಾದನೆಗೆ ಹೆಸರಾದರು. 1944ರಲ್ಲಿ ರಬಕವಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವಗಳ ಮೇಲೆ ಇಂಗ್ಲಿಷಿನಲ್ಲಿ ಬೃಹದ್‌ಗ್ರಂಥವನ್ನು ರಚಿಸಿದರು. ತಾವೇ ವಿದ್ವಾಂಸರಾದವರು ಸಹೋದ್ಯೋಗಿಯನ್ನು ಆರಿಸಲು ಕುಳಿತಾಗ ಅವರ ಕಣ್ಣು ಮೊದಲು ಹೋಗುವುದು ವಿದ್ವತ್ತಿನ ಮೇಲೆ. ಆಡಳಿತದಲ್ಲಿ ಅಧ್ಯಾಪಕರಿರಬೇಕೆಂದು ನಾನು ಒತ್ತಿ ಹೇಳುವುದರ ಮುಖ್ಯ ಕಾರಣಗಳಲ್ಲಿ ಇದೊಂದು: ಶಾಲೆಗೆ ಸಂಬಂಧಪಟ್ಟ ಸಾವಿರ ನಿರ್ಣಯಗಳಲ್ಲಿ ಅತಿ ಮುಖ್ಯವಾದದ್ದು ಯಾರನ್ನು ಮೇಷ್ಟರಾಗಿ ತೆಗೆದುಕೊಳ್ಳಬೇಕೆಂಬುದು, ಮತ್ತು ಒಳ್ಳೆಯ ಮೇಷ್ಟರನ್ನು ಗುರುತಿಸಬಲ್ಲವನು ಇನ್ನೊಬ್ಬ ಒಳ್ಳೆಯ ಮೇಷ್ಟರು.

ವಂಟಮುರಿಯ ರಾಜಾ ಲಖಮಗೌಡರಂತಹ ಉದಾರಿಗಳು ಬೆಂಬಲಕ್ಕೆ ನಿಂತರು. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಬಂದಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನ ತಾಂತ್ರಿಕ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು. ಗದಗ, ಹಾವೇರಿ, ಬೈಲಹೊಂಗಲ ಮೊದಲಾದ ಊರುಗಳಲ್ಲಿ ಶಾಲೆ ಕಾಲೇಜುಗಳು ಬಂದವು. ಈ ಬೆಳವಣಿಗೆಯ ಪಟ್ಟಿಯನ್ನು ಪೂರ್ತಿ ಓದುವ ಅಗತ್ಯವಿಲ್ಲ. ಅದರ ಹಿಂದಿನ ರೀತಿಯನ್ನು ಮಾತ್ರ ಗಮನಿಸತಕ್ಕದ್ದು: ಎಷ್ಟೋ ಊರುಗಳಲ್ಲಿ ದಾನಿಯ ಹೆಸರು ಶಾಲೆಯ ಮೇಲೆ ನಿಂತಿತು, ಆಡಳಿತ ಸಂಸ್ಥೆಯದಾಗಿ ಉಳಿಯಿತು. ದಾನಿಗೆ ಗೌರವ ಸಂದಿತು. ಶಾಲೆಯು ಅವನ ಮನೆಯ ಆಸ್ತಿಯಾಗಲಿಲ್ಲ. ನಮ್ಮ ನಾಡಿನಲ್ಲಿ ಎಷ್ಟೋ ಒಳ್ಳೆಯ ಒಂಟಿ ಶಾಲೆಗಳು ದಾನಿಯ ಮೊಮ್ಮಕ್ಕಳ ವ್ಯಾಜ್ಯದಲ್ಲಿ ಸಿಕ್ಕಿ ನಾಶವಾದುದನ್ನು ನೋಡಿದವರಿಗೆ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ.

ಇದಕ್ಕೆ ಭಿನ್ನವಾದ ಮತ್ತೊಂದು ಮಾರ್ಗವೂ ಇತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಭಾವುರಾವ ಪಾಟೀಲರು 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಇವರ ಪೂರ್ವಜರು ನಮ್ಮ ಮೂಡಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಪುಣೆಯವರು ಶಾಲೆಯಿಂದ ತೊಡಗಿದರೆ ಇವರು ವಸತಿಗೃಹದಿಂದ ತೊಡಗಿದರು: ಎಲ್ಲ ಜಾತಿಯ ಹುಡುಗರೂ ಒಂದೇ ಒಲೆಯ ಅಡಿಗೆಯನ್ನುಂಡು, ದುಡಿದು, ಓದಬೇಕು. 1924ರಲ್ಲಿ ಸಾತಾರೆಯಲ್ಲಿ ನಿಂತ ಆ ವಸತಿಗೃಹಕ್ಕೆ 1927ರಲ್ಲಿ ಶಾಹು ಮಹಾರಾಜರ ಹೆಸರನ್ನಿಟ್ಟವರು ಮಹಾತ್ಮಾ ಗಾಂಧಿಯವರು. ಸಂಸ್ಥೆಯ ಲಾಂಛನವಾದ ಆಲದ ಮರಕ್ಕೆ ತಕ್ಕಂತೆ ಅದರ ಶಾಖೆಗಳು ಹಳ್ಳಿ ಹಳ್ಳಿಗೆ ಇಳಿದವು. ಅಲ್ಲಿ ಕೇಂದ್ರದಲ್ಲಿದ್ದುದು ಒಬ್ಬ ಮಹಾಪುರುಷನ ಅಪ್ರತಿಹತವಾದ ಇಚ್ಛಾಶಕ್ತಿ. ಆದರೆ ಅವರೂ ತಮ್ಮ ವಸತಿಗೃಹದಲ್ಲಿ ಬೆಳೆದ ಹುಡುಗರನ್ನೇ ಶಿಕ್ಷಕರನ್ನಾಗಿ, ಆಜೀವ ಸೇವಕರನ್ನಾಗಿ ಮಾಡಿಕೊಂಡದ್ದರಿಂದ, 1959ರಲ್ಲಿ ಅವರು ಅಗಲಿದ ಮೇಲೂ ಸಂಸ್ಥೆ ನಿಂತಿತು.

ಈಗ ಆಡಳಿತದ ಒಳಗಿನ ಕೆಲಸಕ್ಕೆ ಬರುತ್ತೇನೆ. ಹಲವು ಶಾಲೆಗಳು ಒಂದಾಗಿ ನಡೆಯುವುದರ ನಿಜವಾದ ಪ್ರಯೋಜನ ಸಾಮಾನ್ಯ ಭಂಡಾರದಲ್ಲಿದೆ. ಪೇಟೆಯ ಹಳೆಯ ಶಾಲೆಗೆ ಮಕ್ಕಳು ಹೆಚ್ಚು, ಫೀ ಹೆಚ್ಚು, ಅನುದಾನ ನಿಯತ. ಹೋಬಳಿಯ ಹೊಸ ಶಾಲೆಗೆ ಐದಾರು ವರ್ಷ ಯಾವುದೂ ಇಲ್ಲ. ಹಳೆಯದು ಹೊಸದನ್ನು ಅಷ್ಟು ವರ್ಷ ಹೊತ್ತು ಸಾಕದಿದ್ದರೆ ಹೊಸದು ಬದುಕುವುದಿಲ್ಲ. ಆದರೆ ಈ ಹೊರುವಿಕೆ ಬಹಿರಂಗವಾಗಿರಬೇಕು. ಯಾವ ಶಾಲೆಯಿಂದ ಎಷ್ಟು ಬಂದಿತು, ಯಾವುದಕ್ಕೆ ಎಷ್ಟು ಹೋಯಿತೆಂಬುದು ಒಟ್ಟಾರೆ ಜಮಾಖರ್ಚಿನಲ್ಲಿ ಕರಗಿಹೋದರೆ, ಕೊಡುವ ಶಾಲೆಯ ಅಧ್ಯಾಪಕರಿಗೆ ತಮ್ಮನ್ನು ಸುಲಿಯುತ್ತಿದ್ದಾರೆಂಬ ಸಂದೇಹವೂ, ಪಡೆಯುವ ಶಾಲೆಯವರಿಗೆ ತಾವು ಭಿಕ್ಷುಕರೆಂಬ ಕುಗ್ಗುವಿಕೆಯೂ ತಪ್ಪದು. ಕೊಟ್ಟುದನ್ನು ಕೊಟ್ಟದ್ದೆಂದು ಬರೆದಿಟ್ಟಾಗ ಎರಡೂ ಹೋಗುತ್ತವೆ.

ವರ್ಗಾವಣೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಶಿಕ್ಷೆಗಾಗಿ ಮಾಡುವ ವರ್ಗಾವಣೆ ಶಾಲಾಸಮೂಹಕ್ಕೆ ಹಿಡಿಯುವ ಅತ್ಯಂತ ಹಾನಿಕರವಾದ ರೋಗ. ಅಧಿಕಾರಿಗಳಿಗೆ ಒಲ್ಲದ ಮೇಷ್ಟರನ್ನು ದೂರದ ಶಾಲೆಗೆ ಅಟ್ಟಿದಾಗ ಆ ದೂರದ ಊರಿನ ಮಕ್ಕಳು ಯಾವ ಅಪರಾಧ ಮಾಡಿದ್ದರೆಂದು ಯಾರೂ ಕೇಳುವುದಿಲ್ಲ. ಆ ಶಾಲೆಯೇ ಶಿಕ್ಷೆಯ ಸ್ಥಾನವೆಂಬ ಕಳಂಕ ಅದಕ್ಕೆ ಅಂಟುತ್ತದೆ. ಒಳ್ಳೆಯ ಅಧ್ಯಾಪಕನನ್ನು ಗೊತ್ತಾದ ಅವಧಿಗೆ, ಮರಳುವ ಹಕ್ಕಿನೊಡನೆ, ಅವನ ಮಕ್ಕಳ ವಿದ್ಯಾಭ್ಯಾಸಕ್ಕೆ ಅನುಕೂಲ ಮಾಡಿಕೊಟ್ಟು, ಹೊಸ ಶಾಲೆಯನ್ನು ನಿಲ್ಲಿಸಲೆಂದು ಕಳುಹಿಸಿದರೆ ಅದೇ ವರ್ಗಾವಣೆ ಗೌರವವಾಗುತ್ತದೆ. ಹಾಗೆಯೇ ಮುಖ್ಯೋಪಾಧ್ಯಾಯನ ಸ್ವಾತಂತ್ರ್ಯ. ನೇಮಕದ ಅಂತಿಮ ಮುದ್ರೆ, ಆಸ್ತಿಯ ರಕ್ಷಣೆ, ಲೆಕ್ಕಪರಿಶೋಧನೆ, ಸಹಾಯಧನದ ಪತ್ರವ್ಯವಹಾರ, ಇವು ಕೇಂದ್ರದಲ್ಲಿರಲಿ. ವೇಳಾಪಟ್ಟಿ, ಗ್ರಂಥಾಲಯಕ್ಕೆ ಯಾವ ಪುಸ್ತಕ, ಸುಗ್ಗಿಯ ಕಾಲದಲ್ಲಿ ಬಾರದ ಮಕ್ಕಳಿಗೆ ಯಾವಾಗ ಪಾಠ, ಇವನ್ನು ಐವತ್ತು ಮೈಲಿ ದೂರದ ಕಚೇರಿಯಿಂದ ನಿರ್ಣಯಿಸತೊಡಗಿದರೆ ಮುಖ್ಯೋಪಾಧ್ಯಾಯನು ಗುಮಾಸ್ತನಾಗುತ್ತಾನೆ, ಗುಮಾಸ್ತನ ಕೈಕೆಳಗೆ ಒಳ್ಳೆಯ ಮೇಷ್ಟರು ಉಳಿಯುವುದಿಲ್ಲ.

ಆಜೀವ ಸದಸ್ಯತ್ವದ ಆ ಹಳೆಯ ಪದ್ಧತಿಯು ಕ್ರಮೇಣ ಸೊರಗಿದ್ದೇಕೆ? ಜನರಲ್ಲಿ ತ್ಯಾಗಬುದ್ಧಿ ಹೋಯಿತೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಅನುದಾನಿತ ಶಾಲೆಗಳ ಅಧ್ಯಾಪಕರ ವೇತನದ ಹೊರೆಯನ್ನು ಸರ್ಕಾರ ವಹಿಸಿಕೊಂಡದ್ದು ಮುಖ್ಯ ಕಾರಣ, ಮತ್ತು ಅದು ಸ್ವಾಗತಾರ್ಹವಾದ ಕಾರಣ. ಅಧ್ಯಾಪಕನ ಮನೆಯ ಹಸಿವಿನ ಮೇಲೆ ಶಾಲೆ ನಿಲ್ಲಬೇಕೆಂದು ಬಯಸುವ ಅಧಿಕಾರ ಯಾರಿಗೂ ಇಲ್ಲ; ಈ ಅಂಶದಲ್ಲಿ ಕಾಲವು ಆಗರಕರರ ಪಕ್ಷವನ್ನು ಎತ್ತಿಹಿಡಿಯಿತು. ಆಡಳಿತ ಮಂಡಳಿಗಳ ಸ್ವೇಚ್ಛೆಯಿಂದ ನೌಕರರನ್ನು ರಕ್ಷಿಸಲೆಂದು ಕರ್ನಾಟಕದಲ್ಲಿ 1975ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆ ಬಂದಿತು, ಅದೂ ಬೇಕಾಗಿತ್ತು. ಆದರೆ ಈ ಬದಲಾವಣೆಗಳಲ್ಲಿ ಅಧ್ಯಾಪಕನು ಸಂಸ್ಥೆಯ ಸದಸ್ಯನೆಂಬ ಸ್ಥಾನದಿಂದ ಸಂಸ್ಥೆಯ ನೌಕರನೆಂಬ ಸ್ಥಾನಕ್ಕೆ ಸದ್ದಿಲ್ಲದೆ ಇಳಿದನು. ಸಂಬಳ ಭದ್ರವಾಯಿತು, ಸಭೆಯಲ್ಲಿದ್ದ ಕುರ್ಚಿ ಹೋಯಿತು. ಒಂದನ್ನು ಪಡೆಯಲು ಮತ್ತೊಂದನ್ನು ಬಿಡಲೇಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ತದನಂತರ ವೃತ್ತಿಶಿಕ್ಷಣದ ಕಾಲೇಜುಗಳ ದೊಡ್ಡ ಆದಾಯ ಬಂದು ಸೇರಿದ ಮೇಲೆ, ಎಷ್ಟೋ ಶಿಕ್ಷಣ ಸಂಘಗಳಲ್ಲಿ ಆಡಳಿತ ಮಂಡಳಿಯ ಚುನಾವಣೆ ಸಾರ್ವತ್ರಿಕ ಚುನಾವಣೆಯ ಭರಾಟೆಯಿಂದ ನಡೆಯತೊಡಗಿತು. ಅಲ್ಲಿ ಮತ ಕೇಳುವವರು ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯ ಮಗುವಿಗೆ ಓದಲು ಬರುತ್ತದೆಯೆ ಎಂಬುದನ್ನು ಕುರಿತು ಮಾತನಾಡಿದ್ದನ್ನು ನಾನು ಕೇಳಿಲ್ಲ. ಇದನ್ನು ಬಹಳ ನೋವಿನಿಂದ ಹೇಳುತ್ತಿದ್ದೇನೆ.

75 ರೂಪಾಯಿಯ ವ್ರತವನ್ನು ಮರಳಿ ತರಬೇಕೆಂದು ನಾನು ಕೇಳುವುದಿಲ್ಲ. ನ್ಯಾಯವಾದ ವೇತನವನ್ನು ಪಡೆಯುತ್ತಲೇ ಅಧ್ಯಾಪಕನು ಆಡಳಿತದಲ್ಲಿ ಹಕ್ಕುದಾರನಾಗುವಂತೆ ನಿಯಮಾವಳಿಯನ್ನು ತಿದ್ದುವುದು ಇಂತಹ ಪ್ರತಿಯೊಂದು ಸಂಸ್ಥೆಗೂ ಸಾಧ್ಯ. ಸಂಘದ ಸರ್ವಸಾಧಾರಣ ಸಭೆಯ ಒಂದು ಠರಾವು ಅದಕ್ಕೆ ದಾರಿ ತೆರೆಯುತ್ತದೆ. ಹತ್ತು ವರ್ಷಗಳ ಸೇವೆ ಮುಗಿಸಿದ ಅಧ್ಯಾಪಕರು ತಮ್ಮೊಳಗೆ ಆರಿಸಿದವರಿಗೆ ಆಡಳಿತ ಮಂಡಳಿಯ ಅರ್ಧ ಸ್ಥಾನಗಳು ಸಲ್ಲಲಿ. ಆ ಅರ್ಧದಲ್ಲಿ ಹೈಸ್ಕೂಲು ಮತ್ತು ಪ್ರಾಥಮಿಕ ಶಾಲೆಗಳವರು ಕಾಲೇಜಿನವರಿಗಿಂತ ಕಡಿಮೆಯಿರಕೂಡದು, ಮತ್ತು ಅಧ್ಯಾಪಿಕೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಏಕೆಂದರೆ ಇಂದು ನಮ್ಮ ಚಿಕ್ಕ ಮಕ್ಕಳ ತರಗತಿಗಳನ್ನು ಬಹುಮಟ್ಟಿಗೆ ನಡೆಸುತ್ತಿರುವವರು ಅವರೇ. ನೇಮಕದ ಸಮಿತಿಯಲ್ಲಿ ಆ ವಿಷಯವನ್ನು ಬೋಧಿಸುವ ಇಬ್ಬರಾದರೂ ಕುಳಿತಿರಬೇಕು. ವರ್ಗಾವಣೆಯ ಪ್ರತಿಯೊಂದು ಆಜ್ಞೆಯಲ್ಲಿಯೂ ಕಾರಣವನ್ನೂ ಅವಧಿಯನ್ನೂ ಬರೆಯತಕ್ಕದ್ದು. ವಾರ್ಷಿಕ ವರದಿಯಲ್ಲಿ ಒಂದೊಂದು ಶಾಲೆಯ ಆದಾಯವೆಚ್ಚಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ಸರ್ವಸಾಧಾರಣ ಸಭೆಯನ್ನು ಪ್ರತಿವರ್ಷವೂ ಕೇಂದ್ರ ಕಚೇರಿಯ ಸಭಾಂಗಣದಲ್ಲಿಯೇ ಕೂಡಿಸದೆ, ಸಂಸ್ಥೆಯ ಶಾಲೆಗಳಲ್ಲಿ ಎಲ್ಲಕ್ಕಿಂತ ಇತ್ತೀಚೆಗೆ ತೆರೆದದ್ದು ಯಾವ ಊರಿನಲ್ಲಿದೆಯೋ ಆ ಊರಿನಲ್ಲಿ ಕೂಡಿಸಿ, ಅಲ್ಲಿಯ ತಂದೆತಾಯಿಗಳ ಎದುರಿನಲ್ಲಿ ಆ ಲೆಕ್ಕವನ್ನು ಓದಬೇಕು.